ಹಳೇ ಕಟ್ಟಡಕ್ಕೆ ಸುಣ್ಣದ ಗಾರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಕಟ್ಟಡದ ರಿಪೇರಿಗೆ ಕೈ ಹಾಕಿದವರು ಮೊದಲು ಕೇಳುವುದು ಗಾರೆ ಕಲಸುವ ಅಳತೆಯನ್ನು. ಆದರೆ ಅರ್ಧ ಕೆಲಸ ಗಾರೆ ಕಲಸುವ ಮುಂಚೆಯೇ ಮುಗಿದಿರಬೇಕು. ಅದಕ್ಕೇ ಇಲ್ಲಿ ನೀರು, ಉಪ್ಪು, ಹಳೇ ಗಾರೆ ಉಳಿಸಿಕೊಳ್ಳುವುದು ಇವುಗಳ ಮಾತೇ ಜಾಸ್ತಿ ಇದೆ.

ಸಿಮೆಂಟ್ ಜಾಸ್ತಿ ಗಟ್ಟಿ ಅಲ್ವಾ? ಅದನ್ನು ಬಿಟ್ಟು ಸುಣ್ಣ ಯಾಕೆ?

ಗಟ್ಟಿ ಇರುವುದೇ ಅದರ ತೊಂದರೆ. ಹಳೇ ಗೋಡೆಗಳನ್ನು ಮೆತ್ತನೆಯ ಇಟ್ಟಿಗೆ, ಕಲ್ಲು, ಮಣ್ಣು, ಸುಣ್ಣ ಇವುಗಳಿಂದ ಕಟ್ಟಿರುತ್ತಾರೆ. ಅವು ಬಿಸಿಲಿಗೆ ಹಿಗ್ಗುತ್ತವೆ, ಚಳಿಗೆ ಕುಗ್ಗುತ್ತವೆ. ತಳಪಾಯ ಸ್ವಲ್ಪ ಕೂತರೆ ಗೋಡೆಯೂ ಸ್ವಲ್ಪ ಕೂರುತ್ತದೆ. ನೆಲದ ತೇವ ತಡೆಯುವ ಪದರ ಬುಡದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕೆಳಗಿನಿಂದ ನೀರು ಏರುತ್ತದೆ, ಮೇಲಿನಿಂದ ಮಳೆ ನೀರು ಇಳಿಯುತ್ತದೆ. ಒಳಗೆ ಬಂದ ಆ ನೀರು ಗೋಡೆಯ ಮೈಯಿಂದಲೇ ಆವಿಯಾಗಿ ಹೋಗಬೇಕು.

ಸುಣ್ಣದ ಗಾರೆ ಆ ಆವಿಯನ್ನು ಬಿಟ್ಟುಕೊಡುತ್ತದೆ. ಸಿಮೆಂಟ್ ಗಾರೆ ಅಷ್ಟು ಸಲೀಸಾಗಿ ಬಿಡುವುದಿಲ್ಲ. ಗೋಡೆ ಅಲುಗಿದಾಗ ಸಿಮೆಂಟ್ ಬಗ್ಗದೆ ಬಿರುಕು ಬಿಡುತ್ತದೆ. ಕೂದಲೆಳೆಯಷ್ಟು ಸಣ್ಣ ಬಿರುಕಾದರೂ ಸಾಕು, ಮಳೆ ನೀರು ಅದರಲ್ಲಿ ಒಳಗೆ ಹೋಗುತ್ತದೆ. ಹೊರಗೆ ಬರುವ ದಾರಿ ಮಾತ್ರ ಮುಚ್ಚಿರುತ್ತದೆ. ನೀರು ಗಾರೆಯ ಹಿಂದೆ ನಿಂತು ಮೇಲಕ್ಕೆ ಏರುತ್ತದೆ, ಜೊತೆಗೆ ಉಪ್ಪನ್ನೂ ಒಯ್ಯುತ್ತದೆ. ಕೆಲವು ವರ್ಷಗಳಾದ ಮೇಲೆ ಸಿಮೆಂಟಿನ ಒಂದು ಚಕ್ಕೆ ಕಳಚಿ ಬಿದ್ದಾಗ ಅದರ ಹಿಂಬದಿಯನ್ನು ತಿರುಗಿಸಿ ನೋಡಿ. ಇಟ್ಟಿಗೆಯ ಮೇಲ್ಮೈ ಅದಕ್ಕೇ ಅಂಟಿಕೊಂಡು ಬಂದಿರುತ್ತದೆ. ಗೋಡೆಯಲ್ಲಿ ಉಳಿದ ಇಟ್ಟಿಗೆಯನ್ನು ಬೆರಳಲ್ಲಿ ಉಜ್ಜಿದರೆ ಕೆಂಪು ಪುಡಿ ಉದುರುತ್ತದೆ. ಅಂದರೆ ಗಾರೆ ಉಳಿಯಿತು, ಗೋಡೆ ಹೋಯಿತು.

ಆಗಬೇಕಾದ್ದು ಇದಕ್ಕೆ ಉಲ್ಟಾ. ಗಾರೆ ಗೋಡೆಗಿಂತ ಮೆತ್ತಗಿರಬೇಕು. ಸವೆಯುವುದಿದ್ದರೆ ಗಾರೆಯೇ ಸವೆಯಬೇಕು, ಯಾಕೆಂದರೆ ಗಾರೆಯನ್ನು ಮತ್ತೆ ಹಾಕಬಹುದು. ಮುನ್ನೂರು ವರ್ಷದ ಇಟ್ಟಿಗೆಯನ್ನು ಮತ್ತೆ ತರಲು ಆಗುವುದಿಲ್ಲ.

ಇನ್ನೊಂದು ಮಾತು. ಜೋಸೆಫ್ ಆಸ್ಪ್ಡಿನ್ ಇಂಗ್ಲೆಂಡಿನಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ, ಅಂದರೆ ಇವತ್ತಿನ ಮಾಮೂಲಿ ಸಿಮೆಂಟಿನ ಮೂಲಕ್ಕೆ, ಪೇಟೆಂಟ್ ಪಡೆದದ್ದು 1824ರಲ್ಲಿ. ಅದಕ್ಕಿಂತ ಹಳೆಯ ಯಾವ ಕಟ್ಟಡವೂ ಈ ಸಿಮೆಂಟನ್ನು ನಂಬಿ ನಿಂತದ್ದಲ್ಲ.

ಸುಣ್ಣ ಗಟ್ಟಿಯಾಗುವುದು ಹೇಗೆ? ಒಣಗಿದರೆ ಸಾಕಾ?

ಸಾಲದು. ಇದು ಗೊತ್ತಿಲ್ಲದೆ ಕೆಡುವ ಕೆಲಸಗಳೇ ಜಾಸ್ತಿ.

ಸುಣ್ಣದಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ಅದರಲ್ಲಿರುವ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ. 100 ಕಿಲೋ ಶುದ್ಧ ಕಲ್ಲು ಸುಟ್ಟರೆ ಉಳಿಯುವುದು 56 ಕಿಲೋ ಸುಟ್ಟ ಸುಣ್ಣ. ಅದನ್ನು ನೀರಿಗೆ ಹಾಕಿದರೆ ಬುಸುಗುಟ್ಟಿ, ಕುದ್ದು, ಅರಳುತ್ತದೆ. ಹೀಗೆ ಅರಳಿದ ಸುಣ್ಣವನ್ನು ಮರಳಿನ ಜೊತೆ ಕಲಸಿ ಗೋಡೆಗೆ ಹಾಕಿದ ಮೇಲೆ ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಮತ್ತೆ ಎಳೆದುಕೊಳ್ಳುತ್ತದೆ, ನಿಧಾನವಾಗಿ ತಿರುಗಿ ಕಲ್ಲಾಗುತ್ತದೆ.

ಹೀಗೆ ಕಲ್ಲಾಗಲು ಗಾಳಿಯೂ ಬೇಕು, ತೇವವೂ ಬೇಕು. ಪೂರ್ತಿ ಒಣಗಿದ ಗಾರೆಯಲ್ಲಿ ಈ ಕೆಲಸ ನಿಂತುಹೋಗುತ್ತದೆ. ಪೂರ್ತಿ ನೆನೆದ ಗಾರೆಯಲ್ಲೂ ನಿಲ್ಲುತ್ತದೆ, ಯಾಕೆಂದರೆ ರಂಧ್ರಗಳಲ್ಲಿ ನೀರೇ ತುಂಬಿರುವಾಗ ಗಾಳಿ ಒಳಗೆ ಹೋಗುವುದಿಲ್ಲ. ಬಿಸಿಲಿಗೆ ಬಿಟ್ಟು ಎರಡೇ ದಿನದಲ್ಲಿ ಒಣಗಿಸಿದ ಗಾರೆ ನೋಡಲು ಚೆನ್ನಾಗಿದ್ದರೂ ಕೈಯಿಂದ ಒರೆಸಿದರೆ ಪುಡಿ ಬರುತ್ತದೆ.

ಯಾವ ಸುಣ್ಣ ತರಬೇಕು?

ಮುಖ್ಯವಾಗಿ ಎರಡು ಜಾತಿ. ಒಂದು, ಶುದ್ಧ ಸುಣ್ಣದಕಲ್ಲಿನಿಂದ ಬಂದದ್ದು. ಇದು ಗಾಳಿಯಿಂದ ಮಾತ್ರ ಗಟ್ಟಿಯಾಗುತ್ತದೆ. ಮೆತ್ತಗಿರುತ್ತದೆ, ಆವಿಯನ್ನು ಚೆನ್ನಾಗಿ ಬಿಡುತ್ತದೆ. ಒಳಗೋಡೆಗೆ, ಮೆತ್ತನೆಯ ಇಟ್ಟಿಗೆಗೆ, ಮಣ್ಣಿನ ಗೋಡೆಗೆ ಇದೇ ಸರಿ. ಎರಡನೆಯದು, ಜೇಡಿಮಣ್ಣಿನ ಅಂಶ ಇರುವ ಕಲ್ಲಿನಿಂದ ಬಂದದ್ದು. ಇದು ನೀರಿನ ಜೊತೆ ಸೇರಿಯೂ ಗಟ್ಟಿಯಾಗುತ್ತದೆ. ಇಂಗ್ಲೆಂಡಿನ ಎಡ್ಡಿಸ್ಟೋನ್ ದೀಪಸ್ತಂಭ ಕಟ್ಟುವಾಗ ಎಂಜಿನಿಯರ್ ಜಾನ್ ಸ್ಮೀಟನ್ ಇದರ ಗುಟ್ಟು ಜೇಡಿಮಣ್ಣಿನಲ್ಲಿದೆ ಎಂದು ಪರೀಕ್ಷೆ ಮಾಡಿ ಕಂಡುಕೊಂಡರು. ಸಮುದ್ರದ ನಡುವಿನ ಬಂಡೆಯ ಮೇಲೆ ಅವರು ಕಟ್ಟಿದ ಆ ಸ್ತಂಭ 1759ರಲ್ಲಿ ಮುಗಿಯಿತು.

ಈ ಎರಡನೇ ಜಾತಿಯ ಚೀಲದ ಮೇಲೆ ಎನ್‌ಎಚ್‌ಎಲ್ 2, 3.5, 5 ಎಂದು ಬರೆದಿರುತ್ತದೆ. ಎನ್‌ಎಚ್‌ಎಲ್ ಅಂದರೆ ನ್ಯಾಚುರಲ್ ಹೈಡ್ರಾಲಿಕ್ ಲೈಮ್, ನೀರಿನ ಜೊತೆ ಗಟ್ಟಿಯಾಗುವ ಸುಣ್ಣ. ಪ್ರಯೋಗಾಲಯದಲ್ಲಿ 28 ದಿನಕ್ಕೆ ಬರಬೇಕಾದ ಕನಿಷ್ಠ ಶಕ್ತಿ ಆ ಸಂಖ್ಯೆ, ಒತ್ತಡ ಅಳೆಯುವ ಮೆಗಾಪ್ಯಾಸ್ಕಲ್ ಲೆಕ್ಕದಲ್ಲಿ. ದೊಡ್ಡ ಸಂಖ್ಯೆ ಅಂದರೆ ಒಳ್ಳೇ ಸುಣ್ಣ ಎಂದು ತಿಳಿಯಬೇಡಿ. ತಿಂಗಳುಗಳು ಕಳೆದ ಹಾಗೆ ಅದು ಇನ್ನೂ ಗಟ್ಟಿಯಾಗುತ್ತಾ ಹೋಗುತ್ತದೆ. 5ನ್ನು ತಂದು ಮೆತ್ತನೆಯ ಇಟ್ಟಿಗೆ ಗೋಡೆಗೆ ಬಳಿದರೆ ಸಿಮೆಂಟಿನ ತೊಂದರೆಯನ್ನೇ ಬೇರೆ ಹೆಸರಲ್ಲಿ ತಂದ ಹಾಗೆ. ಗಾಳಿಮಳೆಗೆ ಮೈಯೊಡ್ಡಿದ ಗಟ್ಟಿ ಕಲ್ಲಿನ ಗೋಡೆಗೆ ಬೇಕಾದರೆ 3.5 ಸಾಕು.

ಸುಣ್ಣ ಎಷ್ಟು ದಿನ ನೆನೆಯಬೇಕು?

ಶುದ್ಧ ಸುಣ್ಣವಾದರೆ ಜಾಸ್ತಿ ದಿನ ನೆನೆದಷ್ಟೂ ಒಳ್ಳೆಯದು. ನೀರಿನ ಜೊತೆ ಗಟ್ಟಿಯಾಗುವ ಎರಡನೇ ಜಾತಿಗೆ ಈ ಮಾತು ಸಲ್ಲದು. ಹಳೇ ರೋಮಿನಲ್ಲಿ ಮೂರು ವರ್ಷಕ್ಕಿಂತ ಹೊಸ ಸುಣ್ಣ ಬಳಸಬಾರದು ಎಂಬ ಕಟ್ಟಳೆ ಇತ್ತೆಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಅಷ್ಟು ಕಾಯಲು ಎಲ್ಲರಿಗೂ ಆಗುವುದಿಲ್ಲ. ಮೂರು ನಾಲ್ಕು ತಿಂಗಳಾದರೂ ನೀರಿನಡಿ ಮುಚ್ಚಿಡಿ. ಅರಳದೆ ಉಳಿದ ಹರಳು ಗೋಡೆಗೆ ಹೋದ ಮೇಲೆ ಅರಳಿದರೆ ಅಲ್ಲಿ ಸಣ್ಣ ಗುಳಿ ಎದ್ದು ಗಾರೆ ಸಿಡಿಯುತ್ತದೆ. ನೆನೆಹಾಕುವ ಮುಂಚೆ ಜರಡಿ ಹಿಡಿಯುವುದು ಇದಕ್ಕೇ. ಮುದ್ದೆ ಹದಕ್ಕೆ ಬಂದಾಗ ಕರಣೆಯಿಂದ ಕೊಯ್ದರೆ ಬೆಣ್ಣೆಯ ಹಾಗೆ ನುಣ್ಣಗೆ ಕೊಯ್ಯುತ್ತದೆ.

ಗೋಡೆ ತೇವ ಹಿಡಿದಿದೆ. ಸುಣ್ಣದ ಗಾರೆ ಹಾಕಿದರೆ ಸರಿಹೋಗುತ್ತಾ?

ಇಲ್ಲ. ಸುಣ್ಣ ತೇವಕ್ಕೆ ದಾರಿ ಕೊಡುತ್ತದೆ, ತೇವ ಬರುವುದನ್ನು ನಿಲ್ಲಿಸುವುದಿಲ್ಲ. ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಈ ಕೆಲಸಕ್ಕೆ ಒಂದು ಮಳೆಗಾಲ ಪೂರ್ತಿ ಕೊಟ್ಟರೂ ತಪ್ಪಿಲ್ಲ.

ಜೋರು ಮಳೆ ಬರುವಾಗ ಕೊಡೆ ಹಿಡಿದು ಕಟ್ಟಡದ ಸುತ್ತ ಒಂದು ಸುತ್ತು ಹಾಕಿ. ಒಣ ದಿನದಲ್ಲಿ ಕಾಣದ್ದೆಲ್ಲ ಆಗ ಕಾಣುತ್ತದೆ. ಸೂರಿನ ನೀರು ಗೋಡೆಗೇ ಬಡಿಯುತ್ತಿದೆಯಾ? ಮಳೆ ನೀರಿನ ಪೈಪು ಗೋಡೆಯ ಹತ್ತಿರ ಒಡೆದಿದೆಯಾ? ಕಿಟಕಿಯ ಮೇಲಿನ ಸಜ್ಜಾದಿಂದ ನೀರು ಹಿಂದಕ್ಕೆ ಹರಿಯುತ್ತಿದೆಯಾ? ತಾರಸಿಯಲ್ಲಿ ನೀರು ನಿಲ್ಲುತ್ತಿದೆಯಾ? ಹಳೇ ಕಟ್ಟಡಗಳಲ್ಲಿ ತುಂಬ ಸಲ ಕಾಣುವ ಇನ್ನೊಂದು ಸಂಗತಿ, ಹೊರಗಿನ ನೆಲ ಎತ್ತರವಾಗಿರುವುದು. ವರ್ಷಗಟ್ಟಲೆ ಮಣ್ಣು, ರಸ್ತೆ, ಕಾಂಕ್ರೀಟು ಮೇಲಿಂದ ಮೇಲೆ ಬಿದ್ದು, ಹೊರನೆಲ ಒಳನೆಲಕ್ಕಿಂತ ಮೇಲಕ್ಕೆ ಬಂದಿರುತ್ತದೆ. ಗೋಡೆಯ ಬುಡ ಮಣ್ಣಲ್ಲಿ ಹೂತಿರುವಾಗ ಯಾವ ಗಾರೆ ಹಾಕಿದರೂ ಪ್ರಯೋಜನವಿಲ್ಲ. ಆ ಮಣ್ಣು ತೆಗೆಯಿರಿ. ಬುಡಕ್ಕೆ ಕಾಂಕ್ರೀಟು ಬಳಿದಿದ್ದರೆ ಅದನ್ನೂ ತೆಗೆದು, ನೀರು ಆಚೆಗೆ ಹರಿದುಹೋಗುವ ಹಾಗೆ ಇಳಿಜಾರು ಮಾಡಿ.

ನೀರು ನಿಂತ ಮೇಲೂ ದಪ್ಪ ಗೋಡೆ ಒಣಗಲು ತಿಂಗಳುಗಳೇ ಬೇಕು, ಕೆಲವೊಮ್ಮೆ ವರ್ಷ ದಾಟುತ್ತದೆ. ಈ ಹೊತ್ತಿನಲ್ಲಿ ಅವಸರ ಪಟ್ಟು ವಾಟರ್‌ಪ್ರೂಫ್ ಬಣ್ಣ, ರಾಸಾಯನಿಕ ಲೇಪ ಬಳಿದುಬಿಟ್ಟರೆ ಒಳಗಿನ ನೀರು ಅಲ್ಲೇ ಉಳಿಯುತ್ತದೆ.

ಗೋಡೆಯ ಮೇಲೆ ಬಿಳಿ ಹುಡಿ ಏಳುತ್ತಿದೆ. ಸುಣ್ಣವೇ ಅದು?

ಅದು ಉಪ್ಪು. ನೆಲದ ನೀರಿನಿಂದಲೂ ಬರುತ್ತದೆ, ಹಿಂದೆ ಹಾಕಿದ ಸಿಮೆಂಟಿನಿಂದಲೂ ಬರುತ್ತದೆ. ನೀರು ಆವಿಯಾದ ಜಾಗದಲ್ಲಿ ಉಪ್ಪು ಹರಳಾಗುತ್ತದೆ. ಹರಳು ಬೆಳೆಯುವಾಗ ಸುತ್ತಲಿನ ಇಟ್ಟಿಗೆ, ಕಲ್ಲನ್ನು ಒಳಗಿನಿಂದ ಒಡೆಯುತ್ತದೆ. ಮೇಲ್ಮೈಯಲ್ಲಿ ಕಾಣುವ ಹುಡಿ ಅಷ್ಟು ಅಪಾಯವಲ್ಲ, ಒಳಗೆ ಕೂತದ್ದೇ ಅಪಾಯ.

ಹುಡಿಯನ್ನು ಒಣ ಬ್ರಷ್‌ನಿಂದ ಗುಡಿಸಿ ತೆಗೆಯಿರಿ. ನೀರು ಹಾಕಿ ತೊಳೆಯಬೇಡಿ. ತೊಳೆದರೆ ಅದು ಕರಗಿ ಮತ್ತೆ ಗೋಡೆಯೊಳಗೆ ಹೋಗುತ್ತದೆ. ಉಪ್ಪು ಜಾಸ್ತಿ ಇದ್ದರೆ ಕಾಗದದ ತಿರುಳನ್ನೋ ಜೇಡಿಯನ್ನೋ ಶುದ್ಧ ನೀರಲ್ಲಿ ಕಲಸಿ ಗೋಡೆಗೆ ಮೆತ್ತಿ, ಪೂರ್ತಿ ಒಣಗಲು ಬಿಟ್ಟು ಕಿತ್ತು ತೆಗೆಯುತ್ತಾರೆ. ಒಣಗುವಾಗ ಉಪ್ಪು ಆ ಮೆತ್ತಿದ ಪದರಕ್ಕೆ ಬಂದು ಸೇರುತ್ತದೆ. ಇನ್ನೊಂದು ದಾರಿ, ಮರಳು ಜಾಸ್ತಿ ಇರುವ ಮೆತ್ತನೆಯ ಸುಣ್ಣದ ಗಾರೆಯನ್ನು ತಾತ್ಕಾಲಿಕವಾಗಿ ಹಾಕುವುದು. ಎರಡು ಮೂರು ವರ್ಷ ಅದು ಉಪ್ಪು ಕುಡಿದು ಹಾಳಾಗಲಿ, ಆಮೇಲೆ ತೆಗೆದು ಒಳ್ಳೇ ಗಾರೆ ಹಾಕಿ. ಹಾಳಾಗಲಿ ಅಂತಲೇ ಹಾಕುವ ಗಾರೆ ಇದು ಎಂದು ಕಟ್ಟಡದವರಿಗೆ ಮೊದಲೇ ಹೇಳಿಬಿಡಿ.

ಹಳೇ ಗಾರೆಯನ್ನೆಲ್ಲ ಕಿತ್ತು ಹೊಸದಾಗಿ ಹಾಕುವುದು ಸುಲಭ ಅಲ್ವಾ?

ಸುಲಭ ಹೌದು, ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಹಳೇ ಗಾರೆಯೂ ಆ ಕಟ್ಟಡದ ಭಾಗವೇ. ಆ ಕಾಲದ ಕೈಯ ಓಟ, ಕರಣೆಯ ಗುರುತು, ಸುಣ್ಣದ ಬಣ್ಣ ಅದರಲ್ಲಿವೆ. ಮೂಲ ವಸ್ತುವನ್ನು ಗೌರವಿಸಬೇಕು ಎಂದು ಸ್ಮಾರಕಗಳ ಸಂರಕ್ಷಣೆಗೆಂದು ಹಲವು ದೇಶಗಳ ತಜ್ಞರು ಒಪ್ಪಿದ 1964ರ ವೆನಿಸ್ ಸನ್ನದು ಕೂಡ ಹೇಳುತ್ತದೆ. ಕಾಯಿದೆಯ ರಕ್ಷಣೆ ಇರುವ ಕಟ್ಟಡವಾದರೆ ಅನುಮತಿ ಇಲ್ಲದೆ ಒಂದು ಚೂರೂ ಕೀಳುವ ಹಾಗಿಲ್ಲ.

ಮೊದಲು ಬೆರಳಿನ ಗೆಣ್ಣಿನಿಂದ ಗೋಡೆಯನ್ನು ತಟ್ಟುತ್ತಾ ಹೋಗಿ. ಗೋಡೆಗೆ ಹಿಡಿದುಕೊಂಡ ಗಾರೆ ಮಂದವಾದ, ಗಟ್ಟಿ ಸದ್ದು ಕೊಡುತ್ತದೆ. ಬಿಟ್ಟುಕೊಂಡದ್ದು ಡಬಡಬ ಎನ್ನುತ್ತದೆ. ಸದ್ದು ಬದಲಾಗುವ ಗೆರೆಯನ್ನು ಸೀಮೆಸುಣ್ಣದಿಂದ ತೆಳ್ಳಗೆ ಗುರುತು ಹಾಕಿಕೊಳ್ಳಿ. ಆಮೇಲೆ ಬೆಳಕು ಕಮ್ಮಿ ಮಾಡಿ, ಟಾರ್ಚನ್ನು ಗೋಡೆಗೆ ಒರಗಿಸಿದ ಹಾಗೆ ಹಿಡಿದು ಓರೆಯಾಗಿ ಬೆಳಕು ಬಿಡಿ. ಉಬ್ಬು, ತಗ್ಗು, ಹಿಂದಿನ ತೇಪೆ ಎಲ್ಲ ಎದ್ದು ಕಾಣುತ್ತವೆ. ಹೀಗೆ ನೋಡಿದರೆ ಪೂರ್ತಿ ಕೆಟ್ಟಿದೆ ಅಂದುಕೊಂಡ ಗೋಡೆಯಲ್ಲಿ ಎಷ್ಟೋ ಭಾಗ ಚೆನ್ನಾಗಿಯೇ ಇರುತ್ತದೆ.

ಪೊಳ್ಳು ಸದ್ದು ಬಂದ ತಕ್ಷಣ ಕೀಳಬೇಕು ಅಂತಲೂ ಇಲ್ಲ. ಅಂಚುಗಳು ಹಿಡಿದುಕೊಂಡಿದ್ದರೆ ಸಣ್ಣ ತೂತಿನ ಮೂಲಕ ಹಿಂದಿನ ಧೂಳು ತೆಗೆದು, ಸ್ವಲ್ಪ ನೀರು ಹಾಯಿಸಿ, ತೆಳ್ಳಗಿನ ಸುಣ್ಣದ ಹಾಲನ್ನು ಸಿರಿಂಜಿನಿಂದ ಒಳಗೆ ತುಂಬಬಹುದು. ಅದು ಹಿಡಿಯುವ ತನಕ ಮೆತ್ತೆ ಸುತ್ತಿದ ಹಲಗೆಯನ್ನು ಹಗುರಾಗಿ ಒತ್ತಿ ನಿಲ್ಲಿಸಬೇಕು. ತಾಳ್ಮೆಯ ಕೆಲಸ ಇದು, ಆದರೆ ಒಂದು ಹಳೇ ಗೋಡೆಯನ್ನು ಇದ್ದ ಹಾಗೇ ಉಳಿಸಿದ ಸಂತೋಷ ಹೊಸ ಗಾರೆಯಲ್ಲಿ ಸಿಗುವುದಿಲ್ಲ.

ಸುಣ್ಣದ ಪದರಗಳ ಅಡಿಯಲ್ಲಿ ಬಣ್ಣ ಕಂಡರೆ?

ಕೆಲಸ ನಿಲ್ಲಿಸಿ. ಕೆರೆಯಬೇಡಿ, ಒರೆಸಬೇಡಿ. ಹಸಿ ಗಾರೆಯ ಮೇಲೆ ಬರೆದ ಚಿತ್ರದಲ್ಲಿ ಬಣ್ಣ ಗಾರೆಯ ಒಳಗೇ ಸೇರಿರುತ್ತದೆ. ಅದನ್ನು ಬಿಡಿಸಿ ತೆಗೆಯುವುದು ಭಿತ್ತಿಚಿತ್ರ ಸಂರಕ್ಷಣೆ ಕಲಿತವರ ಕೆಲಸ. ಫೋಟೊ ತೆಗೆದು, ಜಾಗ ಗುರುತು ಮಾಡಿ, ಅವರನ್ನು ಕರೆಸಿ.

ಹಳೇ ಗಾರೆಯಲ್ಲಿ ಏನೇನು ಹಾಕಿದ್ದರು ಎಂದು ತಿಳಿಯುವುದು ಹೇಗೆ?

ಒಂದು ಚೂರನ್ನು ಮುರಿದು ಭೂತಗನ್ನಡಿಯಲ್ಲಿ ನೋಡುವುದರಿಂದ ಶುರು ಮಾಡಿ. ಮರಳಿನ ಕಾಳು ಎಷ್ಟು ದಪ್ಪ, ಯಾವ ಬಣ್ಣ, ಇಟ್ಟಿಗೆ ಪುಡಿ ಇದೆಯಾ, ನಾರು ಅಥವಾ ಕೂದಲು ಇದೆಯಾ, ಎಷ್ಟು ಪದರ ಇವೆ ಎಂಬುದೆಲ್ಲ ಅಷ್ಟರಲ್ಲೇ ಮುಕ್ಕಾಲು ಪಾಲು ಗೊತ್ತಾಗುತ್ತದೆ. ಪ್ರಯೋಗಾಲಯದಲ್ಲಿ ತೆಳುಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಗಾರೆಯನ್ನು ಕರಗಿಸುತ್ತಾರೆ. ಸುಣ್ಣ ಕರಗಿ ಹೋಗಿ ಮರಳು ಉಳಿಯುತ್ತದೆ, ಎರಡರ ತೂಕದಿಂದ ಪ್ರಮಾಣ ಲೆಕ್ಕ ಹಾಕುತ್ತಾರೆ. ಮರಳಿನ ಜೊತೆ ಚಿಪ್ಪಿನ ಚೂರೋ ಸುಣ್ಣದಕಲ್ಲಿನ ಪುಡಿಯೋ ಸೇರಿದ್ದರೆ ಅದೂ ಕರಗುತ್ತದೆ, ಆಗ ಲೆಕ್ಕ ದಾರಿ ತಪ್ಪುತ್ತದೆ. ಆದ್ದರಿಂದ ಸೂಕ್ಷ್ಮದರ್ಶಕದ ಪರೀಕ್ಷೆಯನ್ನೂ ಮಾಡಿಸಿ.

ಹಳೇ ಗಾರೆಯಲ್ಲಿ ಸಣ್ಣ ಬಿಳಿ ಗುಂಡುಗಳು ಕಾಣುತ್ತವೆ. ಸರಿಯಾಗಿ ಕಲಸಿಲ್ಲ ಎಂದು ತುಂಬ ಕಾಲ ಅಂದುಕೊಂಡಿದ್ದರು. ಇಟಲಿಯ ಪ್ರಿವೆರ್ನಮ್ ಎಂಬ ರೋಮನ್ನರ ಊರಿನ ಗೋಡೆಯನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳಿತು. ಸುಟ್ಟ ಸುಣ್ಣವನ್ನು ಬಿಸಿಬಿಸಿಯಾಗಿಯೇ ಕಲಸಿದ್ದರಿಂದ ಆ ಗುಂಡುಗಳು ಉಳಿದಿವೆ. ಬಿರುಕಿಗೆ ನೀರು ಬಂದಾಗ ಅವು ಕರಗಿ, ಬಿರುಕನ್ನು ತಾವೇ ತುಂಬುತ್ತವೆ.

ಸುಣ್ಣ, ಮರಳು ಎಷ್ಟೆಷ್ಟು?

ಒಳಪದರಕ್ಕೆ ಒಂದು ಪಾಲು ಸುಣ್ಣಕ್ಕೆ ಎರಡೂವರೆ ಇಲ್ಲ ಮೂರು ಪಾಲು ಮರಳು ಎಂಬುದು ಮಾಮೂಲಿ. ಕಣ್ಣು ಮುಚ್ಚಿ ಇದನ್ನೇ ಹಿಡಿಯುವ ಬದಲು ನಿಮ್ಮ ಮರಳನ್ನೇ ಕೇಳಿ. ಒಂದು ಡಬ್ಬಿಯಲ್ಲಿ ಒಣ ಮರಳನ್ನು ಅಂಚಿನ ತನಕ ತುಂಬಿ. ಅಳತೆ ಮಾಡಿಕೊಂಡು ನಿಧಾನವಾಗಿ ನೀರು ಹಾಕಿ. ನೀರು ಮೇಲಕ್ಕೆ ಬರುವಷ್ಟರಲ್ಲಿ ಎಷ್ಟು ಹಿಡಿಯಿತೋ ಮರಳಿನ ಸಂದಿಯಲ್ಲಿ ಅಷ್ಟು ಖಾಲಿ ಜಾಗ ಇದೆ ಎಂದರ್ಥ. ಆ ಜಾಗ ತುಂಬುವಷ್ಟು ಸುಣ್ಣ ಬೇಕು. ಸಾಮಾನ್ಯವಾಗಿ ಅದು ಮೂರನೇ ಒಂದು ಭಾಗದ ಹತ್ತಿರ ಬರುತ್ತದೆ.

ಮರಳು ಚೂಪು ಅಂಚಿನದಾಗಿರಲಿ. ದಪ್ಪ, ನಡು, ಸಣ್ಣ ಕಾಳು ಎಲ್ಲ ಬೆರೆತಿರಲಿ. ಮುಷ್ಟಿಯಲ್ಲಿ ಹಿಂಡಿ ಬಿಟ್ಟಾಗ ಅಂಗೈಗೆ ಕೆಸರು ಮೆತ್ತಿದರೆ ತೊಳೆಯಬೇಕು. ಸಮುದ್ರದ ಮರಳು ಬೇಡ, ಉಪ್ಪನ್ನು ನಾವೇ ತಂದು ಹಾಕಿದ ಹಾಗಾಗುತ್ತದೆ.

ಬೇಗ ಹಿಡಿಯಲಿ ಎಂದು ಸ್ವಲ್ಪ ಸಿಮೆಂಟ್ ಸೇರಿಸಬಹುದಾ?

ಬೇಡ. ಇದರಲ್ಲಿ ನನ್ನದು ರಾಜಿ ಇಲ್ಲದ ಮಾತು. ಸುಣ್ಣಕ್ಕೆ ಚೂರು ಸಿಮೆಂಟ್ ಸೇರಿಸಿದರೆ ಎರಡರ ಗುಣವೂ ಸಿಗುತ್ತದೆ ಎಂಬ ನಂಬಿಕೆ ಇದೆ. ಇಂಗ್ಲೆಂಡಿನ ಹಳೇ ಕಟ್ಟಡಗಳನ್ನು ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯವರು ಸ್ಮೀಟನ್ ಹೆಸರಲ್ಲೇ ನಡೆಸಿದ ಪ್ರಯೋಗಗಳಲ್ಲಿ, ಹೀಗೆ ಸ್ವಲ್ಪವೇ ಸಿಮೆಂಟ್ ಬೆರೆಸಿದ ಗಾರೆ ಬಾಳಿಕೆಯಲ್ಲಿ ಹಿಂದೆ ಬಿತ್ತು. ಬೇಗ ಹಿಡಿಯಲೇಬೇಕು ಅಂದರೆ ಇಟ್ಟಿಗೆ ಪುಡಿ ಹಾಕಿ. ಕಡಿಮೆ ಶಾಖದಲ್ಲಿ ಬೆಂದ ಇಟ್ಟಿಗೆಯದಾಗಿರಬೇಕು. ಕರಕಲಾಗುವಷ್ಟು ಬೆಂದ ಇಟ್ಟಿಗೆಯ ಪುಡಿ ಬರೀ ಮರಳಿನ ಹಾಗೆ ಕೂರುತ್ತದೆ, ಸುಣ್ಣದ ಜೊತೆ ಸೇರುವುದಿಲ್ಲ.

ಬೆಲ್ಲ, ಮೊಟ್ಟೆ, ಅಂಟು ಹಾಕುತ್ತಿದ್ದರಂತೆ. ಈಗಲೂ ಹಾಕಬೇಕಾ?

ದಕ್ಷಿಣ ಭಾರತದಲ್ಲಿ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಹಾಕುತ್ತಿದ್ದರು. ಚೀನಾದಲ್ಲಿ ಅಂಟಕ್ಕಿಯ ಗಂಜಿ ಹಾಕಿ ಗೋಡೆ ಕಟ್ಟಿದರು. ಯೂರೋಪಿನಲ್ಲಿ ಹಾಲಿನ ಗಿಣ್ಣು, ಎಣ್ಣೆ, ಪ್ರಾಣಿಗಳ ಕೂದಲು. ಇವುಗಳಿಗೆ ಕಾರಣ ಇತ್ತು. ಕೆಲವು ಗಾರೆಯನ್ನು ಹದವಾಗಿ ಜಾರುವಂತೆ ಮಾಡುತ್ತವೆ, ಕೆಲವು ಒಣಗುವುದನ್ನು ನಿಧಾನ ಮಾಡುತ್ತವೆ. ಅಂಟಕ್ಕಿಯ ಪಿಷ್ಟ ಸುಣ್ಣದ ಹರಳುಗಳನ್ನು ಸಣ್ಣದಾಗಿ, ಒತ್ತಾಗಿ ಬೆಳೆಸುತ್ತದೆ. ನಿಮ್ಮ ಕಟ್ಟಡದ ಹಳೇ ಗಾರೆಯಲ್ಲಿ ಇಂಥದ್ದು ಇದ್ದದ್ದು ಗೊತ್ತಾದರೆ, ಪ್ರಮಾಣ ತಿಳಿದವರ ಕೈಯಲ್ಲಿ ಹಾಕಿಸಿ. ಹಿಂದಿನವರು ಹಾಕುತ್ತಿದ್ದರು ಅಂತ ಸುಮ್ನೆ ಸುರಿಯಬೇಡಿ. ಸಿಹಿ ಜಾಸ್ತಿಯಾದರೆ ಗಾರೆ ಹಿಡಿಯುವುದೇ ಇಲ್ಲ, ತೇವ ಇದ್ದ ಕಡೆ ಬೂಸ್ಟು ಬರುತ್ತದೆ.

ಗಾರೆ ಹಾಕುವ ಕ್ರಮ ಏನು?

ಸಡಿಲವಾದ ಸಂದುಗಳನ್ನು ಕೆರೆದು, ಧೂಳು ಗುಡಿಸಿ, ಆಳದ ಗುಳಿಗಳನ್ನು ಮೊದಲು ತುಂಬಿ ಹಿಡಿಯಲು ಬಿಡಿ. ಹಿಂದಿನ ದಿನವೇ ಗೋಡೆಗೆ ನೀರು ಹಾಯಿಸಿ, ಹಾಕುವ ಮುಂಚೆ ಮತ್ತೆ ಹಾಯಿಸಿ. ಗೋಡೆ ತಂಪಾಗಿರಬೇಕು, ಆದರೆ ಮೈಮೇಲೆ ನೀರು ಹೊಳೆಯುತ್ತಿರಬಾರದು. ಒಣ ಗೋಡೆ ಗಾರೆಯ ನೀರನ್ನೆಲ್ಲ ಒಂದೇ ಉಸಿರಿಗೆ ಕುಡಿದುಬಿಡುತ್ತದೆ.

ಮೊದಲ ಪದರ 10 ಮಿಲಿಮೀಟರ್ ಆಸುಪಾಸು. ಕರಣೆಯಿಂದ ಬೀಸಿ ಹೊಡೆದರೆ ಸಂದಿಯ ಒಳಗೆ ಹೋಗಿ ಕೂರುತ್ತದೆ, ಸವರಿದರೆ ಮೇಲೆ ಮೇಲೆ ಅಂಟುತ್ತದೆ. ಸ್ವಲ್ಪ ಬಿಗಿಯಾದ ಮೇಲೆ ಮರದ ಮೊನೆಯಿಂದ ಅಡ್ಡಡ್ಡ ಗೀರು ಹಾಕಿ, ಮುಂದಿನ ಪದರಕ್ಕೆ ಹಿಡಿತ ಸಿಗಲಿ. ಎರಡನೇ ಪದರಕ್ಕೆ ಹೊತ್ತು ಬಂತೇ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಿ. ಬೆರಳು ಒಳಗೆ ಹೋಗಬಾರದು, ಉಗುರಿನಿಂದ ಗೀರಿದರೆ ಮಾತ್ರ ಗುರುತು ಬೀಳಬೇಕು. ಶುದ್ಧ ಸುಣ್ಣವಾದರೆ ಇದಕ್ಕೆ ಒಂದೆರಡು ವಾರ ಆಗಬಹುದು, ಹವೆ ಹೇಗಿದೆ ಅನ್ನುವುದರ ಮೇಲೆ ನಿಂತಿದೆ.

ಎರಡನೇ ಪದರವನ್ನು ಮರದ ಹಲಗೆಯಿಂದ ಉಜ್ಜಿ ಸಮ ಮಾಡಿ. ಮರುದಿನ ಮತ್ತೆ ಉಜ್ಜಿ. ಸಣ್ಣ ಬಿರುಕು ಬಿಟ್ಟಿದ್ದರೆ ಆಗಲೇ ಮುಚ್ಚಿಹೋಗುತ್ತದೆ. ಮೇಲಿನ ಪದರ 2–3 ಮಿಲಿಮೀಟರ್ ಸಾಕು, ಸಣ್ಣ ಮರಳು, ಜಾಸ್ತಿ ಸುಣ್ಣ. ಹಳೇ ಗೋಡೆ ಒಂಚೂರು ಅಂಕುಡೊಂಕಾಗಿದ್ದರೆ ಮಟ್ಟಗೋಲು ಹಿಡಿದು ಅದನ್ನು ನೆಟ್ಟಗೆ ಮಾಡಲು ಹೋಗಬೇಡಿ. ಗೋಡೆಯ ಓಟಕ್ಕೆ ತಕ್ಕ ಹಾಗೆ ಹೋಗಲಿ, ಆ ಚೆಲುವು ಅದರದ್ದೇ.

ಹಾಕಿದ ಮೇಲೆ ಗೋಣಿತಾಟನ್ನು ಗೋಡೆಗೆ ಸ್ವಲ್ಪ ದೂರದಲ್ಲಿ ಇಳಿಬಿಟ್ಟು ಒದ್ದೆ ಇಡಿ. ಬಿಸಿಲು, ಜೋರಾಗಿ ಬೀಸುವ ಗಾಳಿ, ಹೊಡೆಯುವ ಮಳೆ ಮೂರೂ ತಾಗಬಾರದು. 5 ಡಿಗ್ರಿಗಿಂತ ಕೆಳಗೆ ಚಳಿ ಇದ್ದರೆ ಕೆಲಸ ಶುರು ಮಾಡಲೇಬೇಡಿ.

ಬಿರುಕು ಬಂದಿದೆ. ಎಲ್ಲಿ ತಪ್ಪಾಯಿತು?

ಜಾಲದ ಹಾಗೆ ಸಣ್ಣ ಬಿರುಕು ಹರಡಿದ್ದರೆ ಬೇಗ ಒಣಗಿದೆ, ಅಥವಾ ಸುಣ್ಣ ಜಾಸ್ತಿಯಾಗಿದೆ, ಅಥವಾ ಒಂದೇ ಸಲಕ್ಕೆ ದಪ್ಪ ಹಾಕಿದ್ದೀರಿ. ಉದ್ದಕ್ಕೆ ಒಂದೇ ಗೆರೆ ಓಡಿದ್ದರೆ ಗೋಡೆಯೇ ಅಲುಗುತ್ತಿರಬಹುದು. ಆಗ ಎಂಜಿನಿಯರ್ ನೋಡಬೇಕು.

ಗಾರೆ ಪೂರ್ತಿ ಕಲ್ಲಾಯಿತು ಎಂದು ತಿಳಿಯುವುದು ಹೇಗೆ?

ಕಾಣದ ಮೂಲೆಯಲ್ಲಿ ಒಂದು ಚೂರು ಮುರಿದು, ಮುರಿದ ಮೈಗೆ ಫೀನಾಲ್ಫ್ತಲೀನ್ ದ್ರಾವಣದ ಹನಿ ಹಾಕಿ. ಇನ್ನೂ ಅರಳಿದ ಸುಣ್ಣವಾಗಿಯೇ ಉಳಿದ ಭಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕಲ್ಲಾದ ಭಾಗಕ್ಕೆ ಬಣ್ಣ ಬರುವುದಿಲ್ಲ. ಹೊರಗಿನ ಅಂಚು ಬಣ್ಣವಿಲ್ಲದೆ, ನಡುವೆ ಗುಲಾಬಿ ಪಟ್ಟಿ ಕಾಣುವುದು ಸಾಮಾನ್ಯ. ದಪ್ಪ ಗಾರೆ ಪೂರ್ತಿ ಕಲ್ಲಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ.

ಮೇಲೆ ಯಾವ ಬಣ್ಣ?

ಸುಣ್ಣವೇ. ಹಾಲಿನಷ್ಟು ತೆಳ್ಳಗೆ ಮಾಡಿ, ಗೋಡೆ ಒದ್ದೆ ಮಾಡಿಕೊಂಡು, ನಾಲ್ಕೈದು ಕೈ ಬಳಿಯಿರಿ. ಬಳಿಯುವಾಗ ಏನೂ ಕಾಣುವುದಿಲ್ಲ, ಒಣಗಿದ ಮೇಲೆ ಬಿಳುಪು ಬರುತ್ತದೆ. ಕಾಣಲಿಲ್ಲ ಅಂತ ದಪ್ಪ ಬಳಿದರೆ ಚಕ್ಕೆ ಏಳುತ್ತದೆ. ಬಣ್ಣ ಬೇಕಾದರೆ ಸುಣ್ಣಕ್ಕೆ ಬಾಡದ ಮಣ್ಣಿನ ಬಣ್ಣ ಸೇರಿಸಿ. ಪ್ಲಾಸ್ಟಿಕ್ ಪೇಂಟು ಬಳಿದರೆ ಇಷ್ಟು ದಿನ ಪಟ್ಟ ಕಷ್ಟವೆಲ್ಲ ಅದರಡಿ ಮುಚ್ಚಿಹೋಗುತ್ತದೆ.

ಕೆಲಸ ಮಾಡುವಾಗ ಅಪಾಯ ಇದೆಯಾ?

ಇದೆ. ಸುಣ್ಣ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗಬಹುದು. ಕನ್ನಡಕ, ಕೈಗವಸು ಇಲ್ಲದೆ ಮುಟ್ಟಬೇಡಿ, ಕೈ ಹಾಕುವವರು ಎಷ್ಟೇ ಅನುಭವಸ್ಥರಿರಲಿ. ಅರಳಿಸುವಾಗ ಸುಟ್ಟ ಸುಣ್ಣವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಿ, ರಾಶಿಯ ಮೇಲೆ ನೀರು ಸುರಿಯಬೇಡಿ, ಅದು ಸಿಡಿಯುತ್ತದೆ. ತೆಳು ಪ್ಲಾಸ್ಟಿಕ್ ಬಕೆಟ್ ಆ ಬಿಸಿಗೆ ಕರಗುತ್ತದೆ. ಮಕ್ಕಳು ಹತ್ತಿರ ಬರದ ಹಾಗೆ ನೋಡಿಕೊಳ್ಳಿ. ಕಣ್ಣಿಗೆ ಬಿದ್ದರೆ ತಕ್ಷಣ ಶುದ್ಧ ನೀರಿನಿಂದ ಬಿಡದೆ ತೊಳೆಯುತ್ತಾ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಕೆಲಸ ಮುಗಿದ ಮೇಲೆ ಏನು ನೋಡಿಕೊಳ್ಳಬೇಕು?

ವರ್ಷಕ್ಕೊಮ್ಮೆ, ಮಳೆಗಾಲದ ಮುಂಚೆ, ಸೂರು, ದೋಣಿ, ಪೈಪು, ಚರಂಡಿ ಸ್ವಚ್ಛ ಮಾಡಿಸಿ. ಗೋಡೆಯಲ್ಲಿ ಬೇರು ಬಿಡುವ ಗಿಡಗಳನ್ನು ಎಳೆಯದಾಗಿರುವಾಗಲೇ ತೆಗೆಯಿರಿ. ಸುಣ್ಣ ತೆಳುವಾದ ಕಡೆ ಒಂದು ಕೈ ಬಳಿಯಿರಿ. ಯಾವ ಸುಣ್ಣ, ಯಾವ ಮರಳು, ಯಾವ ಪ್ರಮಾಣ, ಯಾವ ದಿನ ಹಾಕಿದ್ದು, ಹವೆ ಹೇಗಿತ್ತು ಎಂಬುದನ್ನೆಲ್ಲ ಫೋಟೊ ಸಮೇತ ಬರೆದು ಕಟ್ಟಡದ ಕಾಗದಪತ್ರಗಳ ಜೊತೆ ಇಡಿ. ಉಳಿದ ಮರಳಿನ ಒಂದು ಡಬ್ಬಿಯನ್ನೂ ಹೆಸರು ಬರೆದು ಎತ್ತಿಡಿ, ಮುಂದೆ ತೇಪೆ ಹಾಕುವವರು ಬಣ್ಣ ಹೊಂದಿಸಲು ಮೊದಲು ಕೇಳುವುದು ಅದನ್ನೇ.